ಗಂಜಿಯ ಕಥೆಯನ್ನೂ ಹೇಳಿ, ಕನಸಿನ ಕಥೆಯನ್ನೂ ಹೇಳಿ

ಪ್ರಶ್ನೆ: ನಾವಿರುವುದು ತುಮಕೂರಿನಲ್ಲಿ. ಗಂಡನ ಮನೆಯವರು ಕೋಲಾರದವರು, ಅತ್ತೆ ನಮ್ಮ ಜತೆಗೇ ಇದ್ದಾರೆ. ಮಗನಿಗೆ 11 ವರ್ಷ, ಮಗಳಿಗೆ 6. ಇಬ್ಬರೂ ಸಂಡೇ ಸ್ಕೂಲ್ ತಪ್ಪಿಸುವುದಿಲ್ಲ. ನೋಹ, ದಾವೀದ, ಯೋನ ಎಲ್ಲರ ಕಥೆಯೂ ಬರುತ್ತದೆ. ಆದರೆ ಮೊನ್ನೆ ಶಾಲೆಯ ಕ್ಲಾಸಿನಲ್ಲಿ ಯಾರೋ ಮಗನಿಗೆ "ನೀವು ಗಂಜಿಗೋಸ್ಕರ ಕ್ರೈಸ್ತ ಮತಕ್ಕೆ ಸೇರಿದೋರಂತೆ" ಅಂದರಂತೆ. ಅವನು ಬಂದು ಅಜ್ಜಿಯನ್ನು ಕೇಳಿದ. ಅತ್ತೆಗೆ ಸಿಟ್ಟು ಬಂತು. "ನಮ್ಮ ಮುತ್ತಜ್ಜನಿಗೆ ಕನಸಿನಲ್ಲಿ ಯೇಸುಸ್ವಾಮಿ ಕಾಣಿಸಿಕೊಂಡ್ರು, ಅದಕ್ಕೇ ನಂಬಿದ್ರು" ಅಂದರು. ಆದರೆ ನಾನು ಮದುವೆಯಾಗಿ ಬಂದ ಹೊಸದರಲ್ಲಿ ಇದೇ ಅತ್ತೆ ಹೇಳಿದ್ದು ಬೇರೆ. ಧಾತು ಬರದಲ್ಲಿ ಅಪ್ಪ ಅಮ್ಮ ಸತ್ತು, ಆ ಹುಡುಗನನ್ನು ಯಾರೋ ಕೋಲಾರದ ಮಿಷನ್ ಅನಾಥಾಲಯದಲ್ಲಿ ಬಿಟ್ಟು ಹೋದರಂತೆ. ಮಕ್ಕಳಿಗೆ ಯಾವುದನ್ನು ಹೇಳಲಿ? ಇನ್ನೊಂದು ವಿಷಯ. ಇಂಥ ಮಾತು ಬಂದರೆ ನಮ್ಮ ಯಜಮಾನರು ಎದ್ದು ಹೋಗುತ್ತಾರೆ. ಮಾವ ಕೆಜಿಎಫ್ ಗಣಿಯಲ್ಲಿದ್ದರು. ಗಣಿ ಮುಚ್ಚಿದ ಮೇಲೆ ಮನೆ ಪ್ರಾರ್ಥನೆಯೂ ನಿಂತುಹೋಯಿತಂತೆ. ಮಕ್ಕಳಲ್ಲಿ ವಿಶ್ವಾಸ ಬೆಳೆಯುವ ಹಾಗೆ ಮನೆಯ ಕಥೆ ಹೇಳುವುದು ಹೇಗೆ?
ಒಬ್ಬ ತಾಯಿ, ತುಮಕೂರು

ಉತ್ತರ: ಎರಡನ್ನೂ ಹೇಳಿ. ಮೊದಲು ಬರದ ಕಥೆ, ಆಮೇಲೆ ಕನಸಿನ ಕಥೆ. ಬರದ ಕಥೆಯನ್ನು ಮುಚ್ಚಿಟ್ಟು ಬರೀ ಕನಸನ್ನು ಹೇಳಿದರೆ, ನಿಮ್ಮ ಮಗ ಹದಿನಾರಕ್ಕೋ ಹದಿನೇಳಕ್ಕೋ ಆ ಬರದ ವಿಷಯವನ್ನು ಬೇರೆ ಯಾರ ಬಾಯಲ್ಲೋ ಕೇಳುತ್ತಾನೆ. ಆಗ ಕನಸನ್ನೂ ನಂಬುವುದಿಲ್ಲ, ನಿಮ್ಮನ್ನೂ ನಂಬುವುದಿಲ್ಲ. ನಾನು ಸಂಡೇ ಸ್ಕೂಲ್ ಶಿಕ್ಷಕರಿಗೆ ತರಬೇತಿ ಕೊಡುವವನು. ಚರ್ಚಿನ ಸಭೆಯಿಂದ ದೂರ ಸರಿದ ದೊಡ್ಡ ಹುಡುಗರ ಬಾಯಲ್ಲಿ "ಮನೇಲಿ ನಮಗೆ ಪೂರ್ತಿ ಹೇಳ್ಲೇ ಇಲ್ಲ" ಎನ್ನುವ ಮಾತನ್ನು ತುಂಬ ಕೇಳಿದ್ದೇನೆ.

ಮೊದಲು ಬರದ ಸಂಗತಿ ನೋಡೋಣ. ಅತ್ತೆ ಧಾತು ಬರ ಅಂದದ್ದು 1876ರಿಂದ 78ರವರೆಗಿನ ದೊಡ್ಡ ಬರವನ್ನು. ಧಾತು, ಈಶ್ವರ ಎರಡೂ ಸಂವತ್ಸರ ಮಳೆ ಕೈಕೊಟ್ಟಿತ್ತು. 1871ರ ಜನಗಣತಿಯಲ್ಲಿ ಮೈಸೂರು ಸಂಸ್ಥಾನದ ಜನಸಂಖ್ಯೆ ಸುಮಾರು 50 ಲಕ್ಷ ಇತ್ತು. 1881ರಲ್ಲಿ ಅದು ಸುಮಾರು 42 ಲಕ್ಷಕ್ಕೆ ಇಳಿದಿತ್ತು. ಹತ್ತು ವರ್ಷದಲ್ಲಿ ಜನ ಬೆಳೆಯಬೇಕಾದ ಕಡೆ 8 ಲಕ್ಷ ಕಡಿಮೆ! ಕೋಲಾರದ ಕಡೆ ಮೊದಲೇ ನದಿ ನೀರಿಲ್ಲ, ಕೆರೆ ನಂಬಿ ಬದುಕುವ ಜನ. ಕೆರೆ ಒಣಗಿದರೆ ಮುಗಿಯಿತು. ಆ ಕಾಲದಲ್ಲಿ ಮಿಸ್ ಆನ್‌ಸ್ಟಿ ಎನ್ನುವ ಇಂಗ್ಲಿಷ್ ಹೆಂಗಸು ಕೋಲಾರದಲ್ಲಿ ಬರದ ಅನಾಥ ಮಕ್ಕಳನ್ನು ಸೇರಿಸಿಕೊಂಡು ಸಾಕಿದರು. ಮುಂದೆ 1890ರಲ್ಲಿ ಆ ಕೆಲಸವನ್ನು ಅಮೆರಿಕದ ಮೆಥೊಡಿಸ್ಟ್ ಮಿಷನ್ ವಹಿಸಿಕೊಂಡಿತು. ಈಗಲೂ ಕೋಲಾರದಲ್ಲಿರುವ ಇಟಿಸಿಎಂ ಆಸ್ಪತ್ರೆ ಅದೇ ಮೆಥೊಡಿಸ್ಟರು 1910ರಲ್ಲಿ ಶುರು ಮಾಡಿದ್ದು. ಅತ್ತೆ ಮೊದಲ ಸಲ ನಿಮಗೆ ಹೇಳಿದ ಕಥೆ ಈ ಇತಿಹಾಸಕ್ಕೆ ಸರಿಯಾಗಿ ಹೊಂದುತ್ತದೆ.

ಹಾಗಾದರೆ ಕನಸು ಸುಳ್ಳಾ? ಯಾಕೆ ಸುಳ್ಳಾಗಬೇಕು? ಅತ್ತೆಯನ್ನು ಒಂದೇ ಒಂದು ಪ್ರಶ್ನೆ ಕೇಳಿ ನೋಡಿ: "ಮುತ್ತಜ್ಜನಿಗೆ ಆ ಕನಸು ಬಿದ್ದಾಗ ವಯಸ್ಸು ಎಷ್ಟಿತ್ತಂತೆ ಅತ್ತೆ?" ಅನಾಥಾಲಯಕ್ಕೆ ಬಂದಾಗ ಐದಾರು ವರ್ಷದ ಹುಡುಗ ಇದ್ದಿರಬಹುದು. ಕನಸು ಬಿದ್ದದ್ದು ಇಪ್ಪತ್ತಕ್ಕೋ ಮೂವತ್ತಕ್ಕೋ ಇರಬಹುದು. ಹಾಗಿದ್ದರೆ ಇವು ಒಂದಕ್ಕೊಂದು ಎದುರು ನಿಲ್ಲುವ ಕಥೆಗಳೇ ಅಲ್ಲ. ಒಂದು ಅವರು ಹೇಗೆ ಬಂದರು ಎನ್ನುವುದು, ಇನ್ನೊಂದು ಯಾಕೆ ಉಳಿದರು ಎನ್ನುವುದು.

ನಿಮ್ಮ ಮಗನ ಕ್ಲಾಸಿನವರಿಗೆ ಗೊತ್ತಿಲ್ಲದ್ದು ಈ ಎರಡನೆಯದು. ಹಸಿವಿನಿಂದ ಬಂದರು ಎನ್ನುವುದು ನಿಜವೇ. ಆದರೆ ಬರ ಮುಗಿಯಿತು, ಮಳೆ ಬಂತು, ಆ ಹುಡುಗ ಬೆಳೆದು ಸಂಪಾದನೆಗೆ ನಿಂತ. ಆಮೇಲೆ ಅವರನ್ನು ಅಲ್ಲಿ ಕಟ್ಟಿಹಾಕುವುದಕ್ಕೆ ಗಂಜಿ ಇರಲಿಲ್ಲ. ಸರ್ಕಾರದ ಗಂಜಿ ಕೇಂದ್ರಗಳಲ್ಲಿ ಉಂಡವರೂ ಲೆಕ್ಕವಿಲ್ಲದಷ್ಟು ಜನ, ಅವರೆಲ್ಲ ಉಂಡು ಎದ್ದು ಊರಿಗೆ ಹೋದರು. ಇವರು ಮದುವೆಯಾಗಿ, ಮಕ್ಕಳಿಗೆ ದೀಕ್ಷಾಸ್ನಾನ ಮಾಡಿಸಿ, ಇದೇ ವಿಶ್ವಾಸದಲ್ಲಿ ಸತ್ತರು. ಅದಕ್ಕೆ ಏನೋ ಒಂದು ಕಾರಣ ಇರಲೇಬೇಕು, ಅಲ್ವಾ? ಅತ್ತೆ ಹೇಳುವ ಕನಸು ಆ ಕಾರಣಕ್ಕೆ ಮನೆಯವರು ಕೊಟ್ಟುಕೊಂಡು ಬಂದ ಉತ್ತರ.

ಇದರಲ್ಲಿ ಇನ್ನೊಂದು ಮಾತನ್ನೂ ನುಂಗಬೇಡಿ. ಐದು ವರ್ಷದ ಹುಡುಗನನ್ನು "ನಿನಗೆ ಈ ಮತ ಇಷ್ಟವಾ" ಎಂದು ಯಾರೂ ಕೇಳಿರುವುದಿಲ್ಲ. ಅದು ಇವತ್ತು ನಮಗೆ ಕಸಿವಿಸಿ ಅನಿಸಬಹುದು, ಅನಿಸಲಿ. ನಿಮ್ಮ ಮಗ ಆ ಪ್ರಶ್ನೆ ಎತ್ತಿದರೆ "ಹೌದು, ಕೇಳಿರಲಿಕ್ಕಿಲ್ಲ" ಎನ್ನಿ. ಮಿಷನರಿಗಳನ್ನೆಲ್ಲ ದೇವದೂತರು ಮಾಡುವ ಅಗತ್ಯ ನಮಗಿಲ್ಲ. ಕಂಗೆಟ್ಟ ಮಗುವಿಗೆ ಅನ್ನ ಹಾಕಿದ್ದು ದೊಡ್ಡ ಕೆಲಸ, ಅದರ ಜತೆ ಆ ಕಾಲದ ದೊರೆತನವೂ ಬೆರೆತಿತ್ತು. ಎರಡನ್ನೂ ಒಟ್ಟಿಗೆ ಹಿಡಿದುಕೊಳ್ಳುವಷ್ಟು ಬುದ್ಧಿ 11 ವರ್ಷದ ಹುಡುಗನಿಗೆ ಇರುತ್ತದೆ.

ಹಸಿವಿನ ಕಥೆ ಹೇಳಿದರೆ ಮರ್ಯಾದೆ ಹೋಗುತ್ತದೆ ಎನ್ನುವುದು ಅತ್ತೆಯ ಭಯ. ಅವರ ವಯಸ್ಸಿನವರಿಗೆ ಆ ಭಯ ಸಹಜ, ಎಷ್ಟು ಕೊಂಕು ಕೇಳಿದ್ದಾರೋ ಏನೋ. ಆದರೆ ಸತ್ಯವೇದವೇ (ಬೈಬಲ್) ಈ ವಿಷಯದಲ್ಲಿ ಅವರಿಗಿಂತ ಧೈರ್ಯವಾಗಿದೆ. ಧರ್ಮೋಪದೇಶಕಾಂಡದ 6ನೆಯ ಅಧ್ಯಾಯ ತೆಗೆಯಿರಿ. ಮನೆಯಲ್ಲಿ ಕೂತಾಗ, ದಾರಿಯಲ್ಲಿ ನಡೆಯುವಾಗ, ಮಲಗುವಾಗ, ಏಳುವಾಗ ಮಕ್ಕಳಿಗೆ ಹೇಳಿ ಎನ್ನುವ ವಾಕ್ಯ ಎಲ್ಲರಿಗೂ ಬಾಯಿಪಾಠ. ಅದೇ ಅಧ್ಯಾಯದ ಕೊನೆಗೆ ಯಾರೂ ಹೋಗುವುದಿಲ್ಲ. 20ನೆಯ ವಚನದಲ್ಲಿ ಮಗ ಬಂದು ಕೇಳುತ್ತಾನೆ: ಈ ಆಜ್ಞೆಗಳೆಲ್ಲ ಯಾತಕ್ಕೆ? ಅಪ್ಪ ಕೊಡಬೇಕಾದ ಉತ್ತರದ ಮೊದಲ ಮಾತೇ, ನಾವು ಐಗುಪ್ತದಲ್ಲಿ (ಈಜಿಪ್ಟ್) ಫರೋಹನಿಗೆ ದಾಸರಾಗಿದ್ದೆವು ಎನ್ನುವುದು. ನಾವು ದೊಡ್ಡವರು, ಒಳ್ಳೆಯವರು, ದೇವರು ಆರಿಸಿಕೊಂಡವರು ಎಂದು ಶುರುವಾಗುವುದಿಲ್ಲ. ಗುಲಾಮರಾಗಿದ್ದೆವು ಎಂದು ಶುರುವಾಗುತ್ತದೆ. 26ನೆಯ ಅಧ್ಯಾಯದಲ್ಲಿ ಮೊದಲ ಬೆಳೆಯನ್ನು ದೇವರ ಮುಂದೆ ಇಡುವವನು ಹೇಳಬೇಕಾದ ಮಾತೂ ಹಾಗೇ: ನಮ್ಮ ಮೂಲಪುರುಷ ನೆಲೆಯಿಲ್ಲದೆ ಅಲೆಯುತ್ತಿದ್ದ ಅರಾಮ್ಯ. ಅವನು ಐಗುಪ್ತಕ್ಕೆ ಹೋದದ್ದಾದರೂ ಯಾಕೆ? ಯಾಕೋಬ ಮತ್ತು ಅವನ ಮಕ್ಕಳನ್ನು ಅಲ್ಲಿಗೆ ಎಳೆದದ್ದು ಬರ, ದವಸ. ಗಂಜಿಗೋಸ್ಕರ ಹೋದವರೇ! ಸಭೆಯ ಸುಗ್ಗಿ ಹಬ್ಬಕ್ಕೆ ತೆಂಗಿನಕಾಯಿ, ರಾಗಿ, ಕೋಳಿ ತೆಗೆದುಕೊಂಡು ಹೋಗುವ ದಿನ ಈ ಅಧ್ಯಾಯವನ್ನು ಮಕ್ಕಳ ಜತೆ ಓದಿ, ಮುತ್ತಜ್ಜನ ಕಥೆ ಅಲ್ಲೇ ಹೇಳಿ. ಅದಕ್ಕಿಂತ ಒಳ್ಳೆಯ ಹೊತ್ತು ಸಿಗುವುದಿಲ್ಲ.

ಇನ್ನು ಹೇಳುವ ಬಗೆ. ನಿಮ್ಮ ಪತ್ರ ಓದುವಾಗ ಒಂದು ಲೆಕ್ಕ ಹಾಕಿದೆ. ಆ ಹುಡುಗ ಅತ್ತೆಯ ಮುತ್ತಜ್ಜ. ಅಂದರೆ ಅತ್ತೆಯ ತಂದೆಗೆ ಸ್ವಂತ ಅಜ್ಜ. ತಂದೆ ಚಿಕ್ಕವರಿದ್ದಾಗ ಅಜ್ಜನ ತೊಡೆಯ ಮೇಲೆ ಕೂತು ಇದನ್ನು ಕೇಳಿರಬಹುದು. ಹಾಗಾಗಿದ್ದರೆ ಆ ಬರದ ಹುಡುಗನಿಗೂ ನಿಮ್ಮ ಮಗನಿಗೂ ನಡುವೆ ಇರುವುದು ಎರಡೇ ಬಾಯಿ. ಇದನ್ನು ಮಗನಿಗೆ ಬಿಡಿಸಿ ಹೇಳಿ, ಕಣ್ಣರಳಿಸುತ್ತಾನೆ. 150 ವರ್ಷ ಅಂದರೆ ಮಕ್ಕಳಿಗೆ ಡೈನೋಸಾರ್ ಕಾಲ. "ಅಜ್ಜಿಯ ಅಪ್ಪನಿಗೆ ಅವರೇ ಹೇಳಿದ್ದು" ಅಂದರೆ ಪಕ್ಕದ ಬೀದಿಯಲ್ಲಿ ನಡೆದ ಹಾಗೆ ಆಗುತ್ತದೆ. ಅಪೊಸ್ತಲ ಪೌಲ ತನ್ನ ಶಿಷ್ಯ ತಿಮೊಥೆಯನಿಗೆ ಬರೆಯುವಾಗಲೂ ಹೀಗೇ ಮಾಡುತ್ತಾನೆ. ನಿನ್ನ ಅಜ್ಜಿ ಲೋವಿಯಲ್ಲಿದ್ದ ವಿಶ್ವಾಸ, ತಾಯಿ ಯೂನಿಕೆಯಲ್ಲಿದ್ದ ವಿಶ್ವಾಸ ಎಂದು ಹೆಸರು ಹಿಡಿದೇ ನೆನಪಿಸುತ್ತಾನೆ. ಆ ಮನೆಯಲ್ಲಿ ಅಪ್ಪ ಗ್ರೀಕನಾಗಿದ್ದ ಎಂದು ಅಪೊಸ್ತಲರ ಕೃತ್ಯಗಳಲ್ಲಿ ಬರುತ್ತದೆ. ಅಲ್ಲೂ ಕಥೆ ದಾಟಿದ್ದು ಅಜ್ಜಿಯಿಂದ ತಾಯಿಗೆ, ತಾಯಿಯಿಂದ ಮಗನಿಗೆ.

ಕಥೆ ಹೇಳುವಾಗ ಮೂರು ಬಗೆಯ ಮಾತನ್ನು ಬೇರೆ ಬೇರೆ ಇಡಿ: ನಮಗೆ ಗೊತ್ತಿರುವುದು, ಅಜ್ಜಿ ಹೇಳಿದ್ದು, ಯಾರಿಗೂ ಗೊತ್ತಿಲ್ಲದ್ದು. "ಬರ ಬಂದದ್ದು ಗೊತ್ತು. ಕನಸಿನ ವಿಷಯ ಅಜ್ಜಿಗೆ ಅವರ ಅಪ್ಪ ಹೇಳಿದ್ದು. ಮುತ್ತಜ್ಜನ ಅಪ್ಪ ಅಮ್ಮನ ಹೆಸರು ನಮಗೆ ಗೊತ್ತಿಲ್ಲ." ಹೀಗೆ ಹೇಳಿದರೆ ವಿಶ್ವಾಸ ಸಡಿಲವಾಗುತ್ತದೆ ಎಂದು ಹೆದರುವವರಿದ್ದಾರೆ. ನನ್ನ ಅನುಭವ ಇದಕ್ಕೆ ತದ್ವಿರುದ್ಧ. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎನ್ನುವ ಅಮ್ಮ, ಗೊತ್ತಿದೆ ಎಂದಾಗ ಮಗ ನಂಬುತ್ತಾನೆ. ಲೂಕನ ಸುವಾರ್ತೆಯ ಮೊದಲ ನಾಲ್ಕು ವಚನ ಓದಿದರೆ ಅವನೂ ಇದನ್ನೇ ಹೇಳುತ್ತಾನೆ: ಕಣ್ಣಾರೆ ಕಂಡವರು ನಮಗೆ ತಿಳಿಸಿದ್ದನ್ನು ಬುಡದಿಂದ ವಿಚಾರಿಸಿ ಬರೆಯುತ್ತಿದ್ದೇನೆ.

ಆಮೇಲೆ, ಕಥೆಗೆ ಬಾಲ ಕಟ್ಟಬೇಡಿ. "ಅದಕ್ಕೇ ನೀನೂ ದಿನಾ ಪ್ರಾರ್ಥನೆ ಮಾಡ್ಬೇಕು", "ನೋಡು, ಅವರು ಅಷ್ಟು ಕಷ್ಟಪಟ್ರು, ನೀನು ಮೊಬೈಲ್ ಬಿಡಲ್ಲ". ಈ ಬಾಲ ಬಂತೆಂದರೆ ಕಥೆ ಸತ್ತಿತು. ಮುಂದಿನ ಸಲ ಕಥೆ ಶುರು ಮಾಡಿದ ಕೂಡಲೇ ಮಕ್ಕಳು ಬಾಲ ಯಾವಾಗ ಬರುತ್ತದೆ ಎಂದು ಕಾಯುತ್ತಾರೆ. ನಮ್ಮ ಸಂಡೇ ಸ್ಕೂಲ್‌ಗಳಲ್ಲಿ ಈ ರೋಗ ವಿಪರೀತ ಇದೆ, ಮನೆಗಾದರೂ ಬೇಡ. ಮುಗಿದಲ್ಲಿ ಬಿಡಿ. ಅವರಾಗಿ ಕೇಳಿದರೆ ಮಾತಾಡಿ.

ಹೆದರಿಸುವ ಕಥೆಯೂ ಬೇಡ. "ಅವನು ಚರ್ಚಿಗೆ ಹೋಗಲಿಲ್ಲ, ಅದಕ್ಕೇ ಬೈಕಿಂದ ಬಿದ್ದ" ಎನ್ನುವ ಜಾತಿಯವು. ಸಿಲೋವಾಮಿನ ಬುರುಜು ಬಿದ್ದು ಸತ್ತ ಹದಿನೆಂಟು ಜನ ಉಳಿದವರಿಗಿಂತ ಪಾಪಿಗಳೇನಲ್ಲ ಎಂದು ಯೇಸುವೇ ಹೇಳಿಯಾಗಿದೆ.

ಕೂರಿಸಿಕೊಂಡು "ಬನ್ನಿ, ಈಗ ಮನೆ ಕಥೆ" ಎಂದು ಶುರು ಮಾಡುವುದಕ್ಕಿಂತ ಕೈಯಲ್ಲಿ ಕೆಲಸ ಇರುವಾಗ ಹೇಳುವುದು ಸುಲಭ. ಅವರೆಕಾಳು ಸುಲಿಯುವಾಗ, ಕರೆಂಟು ಹೋದಾಗ, ಕೋಲಾರಕ್ಕೆ ಬಸ್ಸಿನಲ್ಲಿ ಹೋಗುವಾಗ. ಕ್ರಿಸ್ಮಸ್‌ಗೆ ಕರ್ಜಿಕಾಯಿ ಮಾಡುವ ದಿನ ಅತ್ತೆಯ ಬಾಯಿ ತಾನಾಗಿ ಬಿಚ್ಚುತ್ತದೆ, ಆಗ ಮಗನನ್ನು ಪಕ್ಕದಲ್ಲಿ ಕೂರಿಸಿ. ಸುಮ್ನೆ ಅವನ ಕೈಗೆ ಫೋನ್ ಕೊಟ್ಟು ಅಜ್ಜಿಯ ಮಾತನ್ನು ರೆಕಾರ್ಡ್ ಮಾಡಲು ಹೇಳಿ. ಪ್ರಶ್ನೆ ಅವನೇ ಕೇಳಲಿ. ಸೊಸೆ ಕೇಳಿದರೆ ಅತ್ತೆಗೆ ವಿಚಾರಣೆ ಅನಿಸಬಹುದು, ಮೊಮ್ಮಗ ಕೇಳಿದರೆ ಹಾಗೆ ಅನಿಸುವುದಿಲ್ಲ. ಮಕ್ಕಳ ಎದುರಿಗೆ ಮಾತ್ರ "ನೀವು ಆವತ್ತು ಬೇರೆ ಹೇಳಿದ್ರಲ್ಲ" ಅನ್ನಬೇಡಿ. ಬರದ ಕಥೆಯನ್ನು ನೀವೇ ಹೇಳುವ ಮೊದಲು ಒಂದು ಮಾತು ಅವರಿಗೆ ತಿಳಿಸಿ, ಧರ್ಮೋಪದೇಶಕಾಂಡದ ಆ ವಚನ ತೋರಿಸಿ. ಒಪ್ಪದಿದ್ದರೂ ಮುನಿಸು ಕಡಿಮೆಯಾಗುತ್ತದೆ.

ಮಗಳಿಗೆ 6 ವರ್ಷ. ಅವಳಿಗೆ ಸಾವಿನ ಲೆಕ್ಕ ಬೇಡ. "ಒಬ್ಬ ಪುಟ್ಟ ಹುಡುಗ ಇದ್ದ, ಅವನಿಗೆ ತುಂಬ ಹಸಿವಾಗಿತ್ತು, ಅವನೇ ನಿನ್ನ ಅಜ್ಜಿಯ ಮುತ್ತಜ್ಜ" ಸಾಕು. ಪ್ರವಾದಿ ಎಲೀಯನಿಗೆ ಬರಗಾಲದಲ್ಲಿ ಕಡೆಯ ಹಿಡಿ ಹಿಟ್ಟಿನಿಂದ ರೊಟ್ಟಿ ಸುಟ್ಟುಕೊಟ್ಟ ವಿಧವೆಯ ಕಥೆಯನ್ನು ಪಕ್ಕದಲ್ಲಿಡಿ. ಹಾಡೂ ಸೇರಿಸಿ. ಕ್ರಿಸ್ತನ ಕಥೆಯನ್ನು ನಮ್ಮ ರಾಗದಲ್ಲಿ ಹಾಡುವುದು ಹೊಸದೇನಲ್ಲ. ಕಿಟ್ಟೆಲ್ ಅಂದರೆ ಎಲ್ಲರಿಗೂ 1894ರ ನಿಘಂಟು ನೆನಪಾಗುತ್ತದೆ, ಆದರೆ ಅದಕ್ಕೂ ಮೊದಲೇ 1862ರಲ್ಲಿ ಅವರು ಯೇಸುವಿನ ಜೀವನವನ್ನು ಈ ನೆಲದ ಛಂದಸ್ಸಿನಲ್ಲಿ ಕಟ್ಟಿ 'ಕಥಾಮಾಲೆ' ತಂದಿದ್ದರು. ಅತ್ತೆಗೆ ಬರುವ ಹಳೆಯ ಕೀರ್ತನೆಗಳನ್ನು ಮಗಳು ಕಲಿಯಲಿ. ಅರ್ಥ ನಿಧಾನವಾಗಿ ಆಗುತ್ತದೆ.

ಈಗ ನಿಮ್ಮ ಯಜಮಾನರ ವಿಷಯ. ನನಗೆ ನಿಮ್ಮ ಪತ್ರದಲ್ಲಿ ಹೆಚ್ಚು ಮುಖ್ಯ ಅನಿಸಿದ್ದು ಇದೇ. ಕೆಜಿಎಫ್ ಗಣಿ ಮುಚ್ಚಿದ್ದು 2001ರ ಫೆಬ್ರವರಿ 28ರಂದು. ನೂರಿಪ್ಪತ್ತು ವರ್ಷ ನಡೆದದ್ದು ನಿಂತಿತು. ನಿಮ್ಮವರು ಆಗ ಹುಡುಗನೋ ಯುವಕನೋ ಇದ್ದಿರಬೇಕು. ಅಪ್ಪನ ಕೆಲಸ ಹೋದದ್ದನ್ನೂ, ಅದರ ಹಿಂದೆಯೇ ಮನೆ ಪ್ರಾರ್ಥನೆ ನಿಂತದ್ದನ್ನೂ ಕಣ್ಣಾರೆ ಕಂಡಿದ್ದಾರೆ. ಅವರ ಮನಸ್ಸಿನಲ್ಲಿ "ನಮ್ಮ ಮನೆಯಲ್ಲಿ ಹೇಳಿಕೊಳ್ಳುವ ಸಾಕ್ಷಿ ಏನಿದೆ" ಎನ್ನುವುದು ಇರಬಹುದು. ಸಭೆಯಲ್ಲಿ ಸಾಕ್ಷಿ ಹೇಳಲು ಎದ್ದು ನಿಲ್ಲುವವರು ಯಾವಾಗಲೂ ಗೆದ್ದ ಕಥೆಯನ್ನೇ ಹೇಳುತ್ತಾರೆ, ಅಲ್ವಾ? ಕಾಯಿಲೆ ವಾಸಿಯಾಯಿತು, ಕೆಲಸ ಸಿಕ್ಕಿತು, ಸೈಟು ಬಂತು. ಕೆಲಸ ಹೋಗಿ, ಪ್ರಾರ್ಥನೆ ನಿಂತು, ಹಾಗೇ ತೀರಿಕೊಂಡ ಅಪ್ಪನ ಕಥೆಗೆ ಅಲ್ಲಿ ಜಾಗವೇ ಇಲ್ಲ.

ಆದರೆ ಮಕ್ಕಳಿಗೆ ಬೇಕಾದದ್ದು ಆ ಕಥೆಯೂ ಹೌದು. ಅಮೆರಿಕದ ಎಮೊರಿ ವಿಶ್ವವಿದ್ಯಾಲಯದಲ್ಲಿ ಮಾರ್ಷಲ್ ಡ್ಯೂಕ್, ರಾಬಿನ್ ಫೈವುಶ್ ಎನ್ನುವ ಇಬ್ಬರು ಮನಶ್ಶಾಸ್ತ್ರಜ್ಞರು ಮಕ್ಕಳಿಗೆ 20 ಪ್ರಶ್ನೆ ಕೇಳಿದರು. ನಿನ್ನ ಅಜ್ಜ ಅಜ್ಜಿ ಎಲ್ಲಿ ಬೆಳೆದವರು, ನೀನು ಹುಟ್ಟಿದಾಗ ಏನಾಯಿತು, ಮನೆಗೆ ಯಾವ ಕಷ್ಟ ಬಂದಿತ್ತು, ಇಂಥವು. ಮನೆಯ ಕಥೆ ಹೆಚ್ಚು ಗೊತ್ತಿದ್ದ ಮಕ್ಕಳು ತಮ್ಮ ಮೇಲೆ ಹೆಚ್ಚು ಭರವಸೆ ಇಟ್ಟವರಾಗಿದ್ದರು. ಅದರಲ್ಲೂ ಬರೀ ಏರುತ್ತಾ ಹೋದ ಮನೆಯ ಕಥೆಗಿಂತ, ಎದ್ದು ಬಿದ್ದು ಮತ್ತೆ ಎದ್ದ ಮನೆಯ ಕಥೆ ಮಕ್ಕಳಿಗೆ ಜಾಸ್ತಿ ಬಲ ಕೊಡುತ್ತದೆ ಎಂದು ಡ್ಯೂಕ್ ಹೇಳುತ್ತಾರೆ. ಆ 20 ಪ್ರಶ್ನೆಗಳ ಉತ್ತರಗಳನ್ನು ಮಕ್ಕಳಿಗೆ ಬಾಯಿಪಾಠ ಮಾಡಿಸಿದರೆ ಏನೂ ಆಗುವುದಿಲ್ಲ ಎಂದೂ ಅವರೇ ಎಚ್ಚರಿಸಿದ್ದಾರೆ. ಊಟಕ್ಕೆ ಕೂತು, ಕೈ ಒಣಗುವವರೆಗೂ ಮಾತಾಡುವ ಮನೆಗಳಲ್ಲಿ ಅದು ತಾನಾಗಿ ಬರುವಂಥದ್ದು. ಇನ್ನೊಬ್ಬ ಸಂಶೋಧಕ ವರ್ನ್ ಬೆಂಗ್ಟ್‌ಸನ್, 1970ರಿಂದ ಕ್ಯಾಲಿಫೋರ್ನಿಯಾದಲ್ಲಿ ಒಂದೇ ಕುಟುಂಬಗಳ ಹಲವು ತಲೆಮಾರನ್ನು ಹಿಂಬಾಲಿಸಿದವರು. ಅವರು ಕಂಡದ್ದು, ಅಪ್ಪ ಅಮ್ಮ ಎಷ್ಟು ಭಕ್ತರು ಎನ್ನುವುದರ ಜತೆಗೆ ಮಗುವಿಗೆ ಎಷ್ಟು ಹತ್ತಿರ ಎನ್ನುವುದೂ ವಿಶ್ವಾಸ ದಾಟುವುದರಲ್ಲಿ ದೊಡ್ಡ ಪಾತ್ರ ವಹಿಸುತ್ತದೆ, ಅದರಲ್ಲೂ ಅಪ್ಪನ ಆಪ್ತತೆ. ಅವೆಲ್ಲ ಅಮೆರಿಕದ ಮನೆಗಳು, ನಮ್ಮ ಕೂಡು ಸಂಸಾರಕ್ಕೆ ಅಷ್ಟೂ ಅಳತೆ ಹೊಂದಬೇಕೆಂದಿಲ್ಲ. ಆದರೂ ಈ ಮಾತಿನಲ್ಲಿ ಹುರುಳಿದೆ.

ಹಾಗಾಗಿ ನಿಮ್ಮವರನ್ನು ಪ್ರಾರ್ಥನೆ ನಡೆಸಿ ಎಂದು ಒತ್ತಾಯ ಮಾಡಬೇಡಿ. ಗಣಿಯ ಕಥೆ ಕೇಳಿ. ಚಾಂಪಿಯನ್ ರೀಫ್ ಗಣಿ ಭೂಮಿಯೊಳಗೆ ಮೂರು ಕಿಲೋಮೀಟರಿಗಿಂತ ಆಳ ಹೋಗಿತ್ತು ಎಂದರೆ ನಿಮ್ಮ ಮಗ ಅಪ್ಪನನ್ನು ಬಿಡುವುದಿಲ್ಲ. ತಾತ ಕೆಳಗೆ ಇಳಿಯುತ್ತಿದ್ದರಾ, ಮೇಲೆ ವರ್ಕ್‌ಶಾಪಿನಲ್ಲಿದ್ದರಾ, ಸೈರನ್ ಕೂಗಿದಾಗ ಅಜ್ಜಿ ಏನು ಮಾಡುತ್ತಿದ್ದರು, ಭಾನುವಾರ ಯಾವ ಚರ್ಚು. ಅಲ್ಲಿಂದ ಮಾತು ಎಲ್ಲಿಗೆ ಹೋಗುತ್ತದೋ ಹೋಗಲಿ. ಪ್ರಾರ್ಥನೆ ನಿಂತದ್ದರ ಹತ್ತಿರ ಬಂದರೆ, "ತಾತನಿಗೆ ದೇವರ ಮೇಲೆ ಕೋಪ ಬಂದಿತ್ತು ಅನಿಸುತ್ತೆ" ಎಂದು ಅಪ್ಪ ಹೇಳಿದರೂ ತೊಂದರೆಯಿಲ್ಲ. ದೇವರ ಮೇಲಿನ ಕೋಪಕ್ಕೆ ಸತ್ಯವೇದದಲ್ಲಿ ಜಾಗ ಇದೆ. 88ನೆಯ ಕೀರ್ತನೆ ಕತ್ತಲೆಯ ಮಾತಿನಲ್ಲೇ ಮುಗಿಯುತ್ತದೆ, ಕೊನೆಗೊಂದು ಸಮಾಧಾನದ ಸಾಲೂ ಇಲ್ಲ. ಅದನ್ನು ಬರೆದವನನ್ನು ಯಾರೂ ಅವಿಶ್ವಾಸಿ ಎನ್ನಲಿಲ್ಲ, ಕೀರ್ತನೆಗಳ ಜತೆ ಸೇರಿಸಿಟ್ಟರು. ಅವರು ಹೇಳಲು ಒಪ್ಪದೇ ಹೋದರೆ ಬಿಡಿ. ಒಂದು ವರ್ಷ ಬಿಟ್ಟು ಕೇಳಿದರೂ ನಡೆಯುತ್ತದೆ.

ಮಗ ಕ್ಲಾಸಿನಲ್ಲಿ ಏನು ಹೇಳಬೇಕು ಎಂದು ನೀವು ಕೇಳಿಲ್ಲ, ಆದರೆ ಅವನಿಗೆ ನಾಳೆಯೇ ಬೇಕಾದದ್ದು ಅದು. ವಾದ ಮಾಡಿ ಗೆಲ್ಲುವ ಹೊರೆ ಅವನ ಮೇಲೆ ಹಾಕಬೇಡಿ. "ಹೌದು, ನಮ್ಮಜ್ಜಿಯ ಮುತ್ತಜ್ಜ ಬರದಲ್ಲಿ ಬದುಕಿದ್ದೇ ಮಿಷನ್‌ನಲ್ಲಿ ಗಂಜಿ ಸಿಕ್ಕಿದ್ದಕ್ಕೆ" ಎಂದಷ್ಟೇ ಹೇಳಿ ಆಟಕ್ಕೆ ಹೋಗಲಿ. ಹೌದು ಎಂದವನನ್ನು ಕೆಣಕುವುದು ಕಷ್ಟ. ಕೀಟಲೆ ನಿಲ್ಲದಿದ್ದರೆ, ದಿನಾ ಮುಂದುವರಿದರೆ, ಆಗ ನೀವು ಹೋಗಿ ಟೀಚರ್ ಹತ್ತಿರ ಮಾತಾಡಿ. ಮನೆಯ ಕಥೆ ಹೇಳುವಾಗ ಅಕ್ಕಪಕ್ಕದವರ ದೇವರನ್ನು ಚಿಕ್ಕದು ಮಾಡುವ ಮಾತು ನುಸುಳದ ಹಾಗೆ ನೋಡಿಕೊಳ್ಳಿ. ಯುಗಾದಿಗೆ ಒಬ್ಬಟ್ಟು ಕೊಟ್ಟ ಮನೆಯ ಹುಡುಗನ ಜತೆ ಕೂತು ಓದಬೇಕಾದವನು ನಿಮ್ಮ ಮಗ. "ನಾವು ಮೊದಲು ಯಾವ ಜಾತಿ" ಎನ್ನುವ ಪ್ರಶ್ನೆಯೂ ಇವತ್ತಲ್ಲ ನಾಳೆ ಬರುತ್ತದೆ. ಗೊತ್ತಿದ್ದರೆ ನೇರವಾಗಿ ಹೇಳಿ, ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಎನ್ನಿ. ಮೆಲ್ಲನೆ ಪಿಸುಗುಟ್ಟಿ ಹೇಳಿದರೆ ಅದು ನಾಚಿಕೆಯ ವಿಷಯ ಎಂದು ಅವನು ಕಲಿಯುತ್ತಾನೆ.

ಮನೆಯ ಗೋಡೆಗೆ ವಾಕ್ಯದ ಕ್ಯಾಲೆಂಡರ್, ಫ್ರೇಮು ಹಾಕಿಸುವುದರಿಂದ ಈ ಕೆಲಸ ಆಗುವುದಿಲ್ಲ ಎನ್ನುವುದನ್ನೂ ಹೇಳಿಬಿಡುತ್ತೇನೆ. ಯೆಹೋಶುವ ಯೊರ್ದನ್ ದಾಟಿದ ಮೇಲೆ ಹನ್ನೆರಡು ಕಲ್ಲು ನಿಲ್ಲಿಸಿದ. ಮುಂದೆ ಮಕ್ಕಳು ಈ ಕಲ್ಲು ಯಾಕೆ ಎಂದು ಕೇಳಿದಾಗ ಹೇಳಿ ಎಂದ. ಅವನ ತಲೆಮಾರು ತೀರಿದ ಮೇಲೆ ದೇವರನ್ನೂ ಆತನ ಕೆಲಸವನ್ನೂ ಅರಿಯದ ಇನ್ನೊಂದು ತಲೆಮಾರು ಎದ್ದಿತು ಎಂದು ನ್ಯಾಯಸ್ಥಾಪಕರ ಪುಸ್ತಕದ 2ನೆಯ ಅಧ್ಯಾಯದಲ್ಲೇ ಬರುತ್ತದೆ. ಕಲ್ಲು ನಿಲ್ಲಿಸಿದ್ದಷ್ಟೇ ಸಾಲಲಿಲ್ಲ.

ಇನ್ನು ಮುತ್ತಜ್ಜನ ಗುರುತು ಹುಡುಕುವ ಕೆಲಸ. ಇದನ್ನು ಮಗನಿಗೆ ವಹಿಸಿ, ಬೇಸಿಗೆ ರಜೆಯಲ್ಲಿ ಮಾಡಲಿ. ಮೊದಲು ಅತ್ತೆಯ ಹತ್ತಿರ ಹಳೆಯ ಸತ್ಯವೇದ ಇದೆಯಾ ನೋಡಿ. ಅದರ ಮೊದಲ ಹಾಳೆಗಳಲ್ಲಿ ಹುಟ್ಟು, ಮದುವೆ, ಸಾವು ಬರೆದಿಡುವ ಅಭ್ಯಾಸ ಎಷ್ಟೋ ಮನೆಗಳಲ್ಲಿತ್ತು. ಆಮೇಲೆ ಕೋಲಾರದ ಸಭೆಯ ಅಯ್ಯನವರಿಗೆ (ಪಾದ್ರಿ) ಒಂದು ಪತ್ರ ಬರೆದು, ದೀಕ್ಷಾಸ್ನಾನ, ಮದುವೆ, ಸಮಾಧಿ ಈ ಮೂರೂ ರಿಜಿಸ್ಟರ್ ನೋಡಲು ಅವಕಾಶ ಕೇಳಿ. ಹೋಗುವ ಮೊದಲು ಮುತ್ತಜ್ಜನ ಹೆಸರು, ಅವರ ಹೆಂಡತಿಯ ಹೆಸರು, ಅಂದಾಜು ಇಸವಿ ಬರೆದುಕೊಳ್ಳಿ. ದೀಕ್ಷಾಸ್ನಾನದಲ್ಲಿ ಹೊಸ ಹೆಸರು ಇಟ್ಟಿದ್ದರೆ ಹಳೆಯ ಹೆಸರಿನಲ್ಲಿ ಹುಡುಕಿ ಪ್ರಯೋಜನವಿಲ್ಲ. ಹುಟ್ಟಿನ ದಾಖಲೆ ಸಿಗದಿದ್ದರೆ ಮದುವೆಯದನ್ನು ನೋಡಿ, ಅನಾಥ ಮಕ್ಕಳ ವಿಷಯದಲ್ಲಿ ಅದೇ ಸಿಗುವುದು ಜಾಸ್ತಿ. ಅಲ್ಲೂ ಸಿಗದಿದ್ದರೆ ಬೆಂಗಳೂರಿನ ಯುನೈಟೆಡ್ ಥಿಯಲಾಜಿಕಲ್ ಕಾಲೇಜಿನ ದಾಖಲೆ ಸಂಗ್ರಹದಲ್ಲಿ ಈ ಕಡೆಯ ಮಿಷನ್‌ಗಳ ಹಳೆಯ ಕಾಗದ ಪತ್ರಗಳಿವೆ, ಮೊದಲೇ ಬರೆದು ಅನುಮತಿ ಪಡೆದು ಹೋಗಬೇಕು. ಅತ್ತೆಯನ್ನೂ ಕರೆದುಕೊಂಡು ಹೋಗಿ. ಹಳೆಯ ರಿಜಿಸ್ಟರಿನ ಹೆಸರುಗಳಲ್ಲಿ ಯಾರು ಯಾರ ಸಂಬಂಧ ಎಂದು ಬಿಡಿಸಿ ಹೇಳುವುದು ಅವರಿಗೆ ಮಾತ್ರ ಸಾಧ್ಯ.